ಎಡಗಡೆಯ ಹುಬ್ಬು

ಕುದುರೆಯ ಪಾಠ ಇರುವ ದಿನ ಆ ಕೊಠಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅರ್ಥಶಾಸ್ತ್ರದವರು, ಭೂಗೋಳದವರು, ಆ ವಿಷಯಕ್ಕೆ ಪರೀಕ್ಷೆಯನ್ನೇ ಬರೆಯಬೇಕಿಲ್ಲದವರು, ಎಲ್ಲ ಬಂದು ಹಿಂದಿನ ಬೆಂಚುಗಳಲ್ಲಿ ಒತ್ತರಿಸಿಕೊಂಡು ಕೂರುತ್ತಿದ್ದರು. ಮನಶ್ಶಾಸ್ತ್ರದ ಚರಿತ್ರೆ ಎನ್ನುವ ಪತ್ರಿಕೆ ಮಿಕ್ಕ ದಿನಗಳಲ್ಲಿ ಒಣಗಿದ ಬ್ರೆಡ್ಡಿನ ಹಾಗೆ. ಯಾರು ಮೊದಲ ಪ್ರಯೋಗಶಾಲೆ ತೆರೆದರು, ಯಾರ ಶಿಷ್ಯ ಯಾರ ಮೇಲೆ ಮುನಿಸಿಕೊಂಡು ಬೇರೆ ಪಂಥ ಕಟ್ಟಿದ, ಮನಸ್ಸನ್ನು ಯಾರು ತುಂಡು ತುಂಡು ಮಾಡಿ ಎಣಿಸಿದರು, ಮನಸ್ಸಿನ ಗೊಡವೆಯೇ ಬೇಡ ಎಂದು ಯಾರು ಕೈ ತೊಳೆದುಕೊಂಡರು. ಆದರೆ ಕುದುರೆ ಬರುವ ದಿನ ಕಲ್ಲು ಮೇಷ್ಟ್ರು ಬೇರೆಯೇ ಮನುಷ್ಯ.

ಕಲ್ಲು ಮೇಷ್ಟ್ರು ಎನ್ನುವುದು ಹುಡುಗರು ಇಟ್ಟ ಹೆಸರು. ಉತ್ತರಪತ್ರಿಕೆ ಹಂಚುವಾಗ ಫೇಲಾದವನಿಗೂ ತರಗತಿಗೆ ಮೊದಲು ಬಂದವಳಿಗೂ ಅವರದು ಒಂದೇ ಮುಖ. ಒಮ್ಮೆ ಯಾರೋ ಅವರ ಕುರ್ಚಿಗೆ ಅಂಟು ಬಳಿದಿಟ್ಟಿದ್ದರು. ಅವರು ಬಂದರು, ಕೂತರು, ಪಾಠ ಮುಗಿಸಿದರು. ಗಂಟೆ ಹೊಡೆದ ಮೇಲೆ ಕುರ್ಚಿಯ ಸಮೇತ ಎದ್ದು ಬಾಗಿಲ ತನಕ ನಡೆದು, "ಅಂಟಿಸಿದವರೇ ಬಂದು ಬಿಡಿಸಿದರೆ ಹಾಜರಿ ಕೊಡ್ತೀನಿ," ಎಂದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಕ್ಕವರಿಗೆ ಆಮೇಲೆ ಯಾಕೋ ಸ್ವಲ್ಪ ಹೆದರಿಕೆಯೂ ಆಯಿತು.

"ಒಬ್ಬ ಮುದುಕ ಇದ್ದ," ಎಂದು ಶುರು ಮಾಡುತ್ತಿದ್ದರು. "ರಿಟೈರಾದ ಮೇಷ್ಟ್ರು. ಕಲಿಸೋ ಚಟ ಬಿಡಲಿಲ್ಲ. ಮಕ್ಕಳು ಸಿಗಲಿಲ್ಲ ಅಂತ ಕುದುರೆಗೇ ಲೆಕ್ಕ ಹೇಳಿಕೊಟ್ಟ. ಎರಡೂ ಮೂರೂ ಎಷ್ಟು ಅಂದ್ರೆ ಕುದುರೆ ಗೊರಸಿಂದ ಐದು ಸಲ ಬಡೀತಿತ್ತು. ಜನ ಜಾತ್ರೆ. ದೊಡ್ಡ ದೊಡ್ಡ ವಿದ್ವಾಂಸರು ಬಂದು ನೋಡಿದ್ರು. ಮುದುಕ ಮೋಸಗಾರ ಅಲ್ಲ, ಯಾವ ಕಣ್ಕಟ್ಟೂ ಇಲ್ಲ ಅಂತ ಬರೆದುಕೊಟ್ಟು ಹೋದ್ರು. ಆಮೇಲೆ ಬಂದ ನೋಡಿ, ಒಬ್ಬ ಮನಶ್ಶಾಸ್ತ್ರದ ಹುಡುಗ."

ಆ ಹುಡುಗ ಕಂಡುಹಿಡಿದದ್ದು ಇಷ್ಟೇ. ಕುದುರೆ ಬಡಿಯುತ್ತಾ ಹೋಗುತ್ತದೆ. ಸರಿಯಾದ ಸಂಖ್ಯೆ ಬಂದ ಗಳಿಗೆಯಲ್ಲಿ, ಪ್ರಶ್ನೆ ಕೇಳಿದವನ ತಲೆ ಅವನಿಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತದೆ. ಕುದುರೆ ನಿಲ್ಲಿಸುತ್ತದೆ. ಉತ್ತರ ಗೊತ್ತಿಲ್ಲದವನು ಕೇಳಿದರೆ ಕುದುರೆಗೂ ಗೊತ್ತಿಲ್ಲ.

"ಕೊನೆಗೆ ಕೇಳೋರ ಮುಖ ಅದಕ್ಕೆ ಕಾಣದ ಹಾಗೆ ಮರೆ ಮಾಡಿದ್ರು. ಕುದುರೆ ಏನು ಮಾಡ್ತು? ಕತ್ತು ಎಳೆದಾಡ್ತು, ಹಗ್ಗ ಜಗ್ಗಾಡ್ತು, ಹೇಗಾದ್ರೂ ಮಾಡಿ ಆ ಮುಖ ನೋಡೋಕೆ ಒದ್ದಾಡ್ತು. ಇದೇ ಸಾಕ್ಷಿ. ಬರ್ಕೊಳ್ಳಿ."

ಎಲ್ಲರೂ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿ, ಆ ದಿನದ ಕೊನೆಯ ಮಾತು ಹೇಳುತ್ತಿದ್ದರು. "ಮುದುಕ ಕೆಟ್ಟವನಲ್ಲ. ಅವನಿಗೆ ಕುದುರೆ ಮೇಲೆ ಪ್ರೀತಿ ಇತ್ತು. ಆ ಪ್ರೀತೀನೇ ಅವನ ಕಣ್ಣಿಗೆ ಮಣ್ಣೆರಚಿದ್ದು. ನೀವು ಯಾರನ್ನಾದ್ರೂ ಪರೀಕ್ಷೆ ಮಾಡೋವಾಗ ಮುಖ ಕಲ್ಲಾಗಿರಬೇಕು. ಇಲ್ಲದಿದ್ರೆ ಎದುರಿಗೆ ಕೂತೋರು ಹೇಳೋದು ಅವರ ಮಾತಲ್ಲ, ನಿಮ್ಮದೇ ಆಸೆ."

ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೇಳುತ್ತಿದ್ದರು: "ಸರ್, ಆಮೇಲೆ ಕುದುರೆ ಏನಾಯ್ತು?"

"ಸಿಲೆಬಸ್‌ನಲ್ಲಿಲ್ಲ."

ತರಗತಿ ಗೊಳ್ಳೆಂದು ನಗುತ್ತಿತ್ತು. ಮೇಷ್ಟ್ರು ನಗದೆ ಹೊರಟುಹೋಗುತ್ತಿದ್ದರು.

ಹುಡುಗರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಮನೆಯಲ್ಲಿ ಅವರು ಹೆಂಡತಿಯನ್ನು ಕುದುರೆ ಎಂದೇ ಕರೆಯುತ್ತಿದ್ದರು.

ಅದಕ್ಕೆ ಹಿಂದಿನ ಕಥೆ ಇದೆ. ಮೇಷ್ಟ್ರು ಇನ್ನೂ ವಿದ್ಯಾರ್ಥಿಯಾಗಿದ್ದಾಗ ಪ್ರಾಕ್ಟಿಕಲ್‌ಗೆ ಒಂದು ಸುಲಭದ ಪ್ರಯೋಗ ಕೊಟ್ಟಿದ್ದರು. ಮೇಜಿನ ಮೇಲೆ ಕೆಲವು ಚಿತ್ರಗಳು. ಪ್ರಯೋಗ ಮಾಡುವವನು ಅವುಗಳಲ್ಲಿ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಎದುರು ಕೂತವರು ಊಹಿಸಬೇಕು. ಊಹೆ ಎನ್ನುವುದು ಕತ್ತಲಲ್ಲಿ ಕಲ್ಲೆಸೆದ ಹಾಗೆ ಎಂದು ತೋರಿಸುವುದೇ ಅದರ ಉದ್ದೇಶ. ಸಹಪಾಠಿಗಳು ಕೂರುವಂತಿಲ್ಲ, ಅವರಿಗೆ ಉದ್ದೇಶ ಗೊತ್ತು. ಹಾಗಾಗಿ ಕಾಲೇಜಿನ ಎದುರಿನ ಮೆಡಿಕಲ್ ಶಾಪಿನಲ್ಲಿ ಕೌಂಟರಿಗೆ ನಿಲ್ಲುತ್ತಿದ್ದ ಹುಡುಗಿಯನ್ನು, ಟೀ ಬಿಸ್ಕತ್ತು ಕೊಡಿಸುತ್ತೇನೆಂದು ಹೇಳಿ ಕರೆತಂದರು.

ಅವಳು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಲೇ ಒಂದಾದ ಮೇಲೊಂದು ಸರಿ ಹೇಳಿದಳು. ಇವರ ಬೆವರಿಳಿಯಿತು. ಜಗತ್ತಿನ ಮನಶ್ಶಾಸ್ತ್ರವನ್ನೇ ಬುಡಮೇಲು ಮಾಡುವ ಹುಡುಗಿ ಸಿಕ್ಕಳೆಂದು ಓಡಿಹೋಗಿ ಪ್ರೊಫೆಸರರನ್ನು ಕೈ ಹಿಡಿದು ಎಳೆದುಕೊಂಡು ಬಂದರು. ಪ್ರೊಫೆಸರು ಮೂಲೆಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಅಂದರು:

"ಅಲ್ಲಯ್ಯಾ ಮಹಾನುಭಾವ, ಅವಳ ಬೆರಳು ಸರಿಯಾದ ಚಿತ್ರದ ಹತ್ತಿರ ಹೋದಾಗ ನಿನ್ನ ಎಡಗಡೆ ಹುಬ್ಬು ಅಟ್ಟ ಹತ್ತುತ್ತೆ. ನೀನು ಪ್ರಯೋಗ ಮಾಡ್ತಿದೀಯೋ ಚಾಡಿ ಹೇಳ್ತಿದೀಯೋ?"

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ನಾನು ಡಾಕ್ಟರ್‌ಗಳ ಚೀಟಿ ಓದೋಳು ಸರ್. ಅದಕ್ಕೆ ಹೋಲಿಸಿದ್ರೆ ಇವರ ಹುಬ್ಬು ಅಚ್ಚಿನ ಅಕ್ಷರ."

ಪ್ರೊಫೆಸರು ಅವತ್ತೇ ಒಂದು ಕನ್ನಡಿ ಕೊಟ್ಟು, ಮುಖ ಸುಮ್ಮನಿರುವುದನ್ನು ಕಲಿತ ಮೇಲೆ ಪ್ರಯೋಗಶಾಲೆಗೆ ಬಾ ಎಂದು ಓಡಿಸಿದರು. ಕನ್ನಡಿಯ ಮುಂದೆ ಕೂತು ಕೂತು ಮುಖ ಕಲ್ಲಾಯಿತು. ಮೆಡಿಕಲ್ ಶಾಪಿಗೆ ಬೇಡದ ಮಾತ್ರೆಗಳನ್ನು ಕೊಳ್ಳಲು ಹೋಗಿ ಹೋಗಿ ಮದುವೆಯೂ ಆಯಿತು.

ಜಗತ್ತಿಗೆ ಕಲ್ಲಾದ ಮುಖ ಅವಳ ಮುಂದೆ ಮಾತ್ರ ಮೊದಲಿನ ಹಾಗೇ ಬಾಯಿಬಡುಕ. "ಟೀ ಚೆನ್ನಾಗಿದೆ," ಎಂದು ಮೇಷ್ಟ್ರು ಹೇಳಿದರೆ, "ಬಾಯಿ ಚೆನ್ನಾಗಿದೆ ಅಂತಿದೆ, ಹುಬ್ಬು ಸಕ್ಕರೆ ಜಾಸ್ತಿ ಅಂತಿದೆ. ಯಾರ ಮಾತು ಕೇಳ್ಲಿ?" ಎನ್ನುತ್ತಿದ್ದಳು. ಜಗಳವಾಡಿದಾಗಲೂ ಅಷ್ಟೇ. ಇವರು ಬಾಗಿಲು ದಬ್ಬಿಕೊಂಡು ಹೋಗಿ ಒಳಗಿನ ಕೋಣೆಯಲ್ಲಿ ಕೂತರೆ, ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಸಂದಿನಲ್ಲಿ ಅವಳ ಅರ್ಧ ಮುಖ ಕಾಣುತ್ತಿತ್ತು. "ರೀ, ಸಿಟ್ಟು ಇಳಿದಿದೆ ಅಂತ ಹುಬ್ಬು ಹೇಳ್ತಿದೆ. ಬನ್ನಿ."

ಅವಳ ಆ 'ರೀ' ಒಂದಲ್ಲ. ಗ್ಯಾಸ್ ಮುಗಿದಾಗಿನದು ಮೊಟಕು. ಸ್ನಾನದ ಮನೆಯಿಂದ ಟವಲ್ಲಿಗೆ ಕರೆಯುವುದು ಉದ್ದ, ಕೊನೆಯಲ್ಲಿ ಸ್ವಲ್ಪ ಬಾಗು. ಬಸ್ಸಿನಲ್ಲಿ ಮೊಣಕೈಯಿಂದ ತಿವಿದು ಪಿಸುಗುಟ್ಟುವುದು, ಎದುರಿನವರ ವಿಗ್ ಸರಿದಿರುವುದನ್ನು ನೋಡಿ ಎಂದು. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅಂದದ್ದು ಇನ್ನೊಂದು. ಅದಕ್ಕೆ ಅರ್ಥವೇ ಇರಲಿಲ್ಲ, ಸುಮ್ಮನೆ ಕೈ ಚಾಚಿದ ಹಾಗಿತ್ತು. ಮೇಷ್ಟ್ರ ಹೆಸರನ್ನು ಕಾಲೇಜಿನ ಬೋರ್ಡಿನ ಮೇಲೆ ಬರೆದಿದ್ದರು. ಆದರೆ ಅವರನ್ನು ಯಾರಾದರೂ ನಿಜವಾಗಿ ಕರೆದದ್ದು ಎಂದರೆ ಅದೊಂದೇ ಅಕ್ಷರದಲ್ಲಿ.

ಆ ಅಕ್ಷರ ಒಂದು ಬೆಳಿಗ್ಗೆ ಹೋಯಿತು. ಶಾಪಿನಲ್ಲಿ ಮೇಲಿನ ಕಪಾಟಿನಿಂದ ಕೆಮ್ಮಿನ ಔಷಧಿ ತೆಗೆಯಲು ಕೈ ಚಾಚಿದವಳು ಹಾಗೇ ಕುಸಿದಳು. ಸ್ಟ್ರೋಕ್. ಬಲಗೈ, ಬಲಗಾಲು ಹೋದವು. ಅವುಗಳ ಜೊತೆ ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು.

ಅವಳ ತಂಗಿ ಬಂದು ಜೊತೆಗೆ ಉಳಿದಳು. ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವಳು ಬೆಳಿಗ್ಗೆ ಅಕ್ಕನಿಗೆ ಮೈ ತೊಳೆಸಿ, ಬಟ್ಟೆ ಬದಲಿಸಿ, ತಿನ್ನಿಸಿ, ಮೇಷ್ಟ್ರು ಕಾಲೇಜಿನಿಂದ ಬಂದ ಮೇಲೆ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅಂಗಡಿಗೆ ಓಡುತ್ತಿದ್ದಳು. ಬಾಯಿ ಜೋರು, ಕೈ ಮೆತ್ತಗೆ.

ಮೇಷ್ಟ್ರು ಚಿತ್ರದ ಕಾರ್ಡುಗಳನ್ನು ತಂದರು. ಕೊಡೆ, ಬೀಗ, ಬಾಚಣಿಗೆ, ಹಕ್ಕಿ, ಗಡಿಯಾರ. ಹೆಂಡತಿಯ ಮುಂದೆ ಅವನ್ನು ಹರಡಿ, "ಬೀಗ ಯಾವುದು?" ಎಂದರೆ ಅವಳ ಎಡಗೈ ನಿಧಾನವಾಗಿ ಹೋಗಿ ಬೀಗದ ಮೇಲೆ ಕೂರುತ್ತಿತ್ತು. "ಕೊಡೆ?" ಕೊಡೆಯ ಮೇಲೆ. ಒಂದೂ ತಪ್ಪಿಲ್ಲ. ಮೇಷ್ಟ್ರು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ಅತ್ತರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದರು: "ಅವಳಿಗೆ ಎಲ್ಲಾ ಅರ್ಥ ಆಗ್ತಿದೆ. ಬಾಯಿ ಒಂದು ಬರಬೇಕು ಅಷ್ಟೇ."

ಮಾತು ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಥೆರಪಿಸ್ಟ್ ಅವರದೇ ಹಳೆಯ ವಿದ್ಯಾರ್ಥಿನಿ. ಒಂದು ದಿನ ಅವಳು ಒಬ್ಬಳೇ ಕೂತು ಅವೇ ಕಾರ್ಡುಗಳಿಂದ ಪರೀಕ್ಷೆ ಮಾಡಿ, ವರಾಂಡಕ್ಕೆ ಬಂದು ನಿಂತಳು. ಚೀಲದ ಪಟ್ಟಿಯನ್ನು ಸುಮ್ಮನೆ ಸರಿಮಾಡುತ್ತಿದ್ದಳು.

"ಸರ್, ನಿಮ್ಮ ಹತ್ರ ಎಲ್ಲಾ ಸರಿ ತೋರಿಸ್ತಾರೆ ಅಂದ್ರಲ್ಲ..."

"ಎಲ್ಲಾ."

"ನನ್ನ ಹತ್ರ ಬೀಗ ಅಂದ್ರೆ ಹಕ್ಕಿ ತೋರಿಸಿದ್ರು. ಬಾಚಣಿಗೆ ಅಂದ್ರೆ ನನ್ನ ಮುಖ ನೋಡ್ತಾ ಕೂತ್ರು. ಒಂದೋ ಎರಡೋ ಸರಿ ಬಂತು, ಅದೂ ಅದೃಷ್ಟ ಇರಬಹುದು."

"ಸುಸ್ತಾಗಿರಬೇಕು ಅವಳಿಗೆ."

"ಸರ್..." ಅವಳು ಕೆಳಗೆ ನೋಡಿದಳು. "ಅವರು ನಿಮ್ಮನ್ನ ನೋಡಿ ತೋರಿಸ್ತಿದಾರೆ. ಕುದುರೆ ಪಾಠ ಹೇಳಿಕೊಟ್ಟೋರು ನೀವೇ. ನಾನು ಇನ್ನೇನು ಹೇಳ್ಲಿ?"

ಮೇಷ್ಟ್ರ ಮುಖ ಹಾಗೇ ಇತ್ತು. "ಸರಿಯಾಗಿ ನೋಡಿದೀಯಮ್ಮ," ಎಂದರು. "ಒಳ್ಳೇ ಕೆಲಸ."

ಹಾಗಾದರೆ ಇಷ್ಟು ದಿನ ಅಡುಗೆಮನೆಯಲ್ಲಿ ನಿಂತು ಅತ್ತದ್ದು ಯಾರಿಗಾಗಿ? ತನ್ನದೇ ಹುಬ್ಬಿನ ನೆರಳಿಗಾಗಿ. ಗಂಡಂದಿರು, ತಾಯಂದಿರು, ಮಕ್ಕಳು ಹೀಗೆ ಮೋಸಹೋಗುವುದನ್ನು ಅವರು ಬೇಕಾದಷ್ಟು ಕಂಡಿದ್ದರು. ಕಣ್ಣು ಮುಚ್ಚಿ ಮಲಗಿದವರ ಬೆರಳು ಅದುರಿದರೆ ನನ್ನನ್ನು ಕರೆದರು ಎಂದುಕೊಳ್ಳುವವರನ್ನು ಕಂಡರೆ ಅವರಿಗೆ ಮರುಕವೂ ಆಗುತ್ತಿತ್ತು, ಸ್ವಲ್ಪ ತಾತ್ಸಾರವೂ. ಈಗ ನಾನೇ ಆ ಸಾಲಿನಲ್ಲಿ ನಿಂತಿದ್ದೇನೆ. ಇಲ್ಲ, ಅವಳೇ ವಾಪಸು ಬರಬೇಕು. ನಿಜವಾಗಿ ಅವಳೇ. ನನ್ನನ್ನು ನೋಡಿ ತೋರಿಸಿದ ಬೀಗ ನನಗೆ ಬೇಡ.

ಹೆಂಡತಿಯನ್ನು ನೋಡಲು ಬಂದಿದ್ದ ಮೆಡಿಕಲ್ ಶಾಪಿನ ಯಜಮಾನರು ಹಣ್ಣು, ಡಯಾಪರು ಎಲ್ಲ ತುಂಬಿ ತಂದಿದ್ದ ರಟ್ಟಿನ ಪೆಟ್ಟಿಗೆಯೊಂದು ಮೂಲೆಯಲ್ಲಿತ್ತು. ಮೇಷ್ಟ್ರು ಅದನ್ನು ಬಿಚ್ಚಿ, ಮೇಜಿನ ಮೇಲೆ ನಿಲ್ಲುವ ಹಾಗೆ ಮಡಿಸಿ, ಕಾರ್ಡು ತೂರಿಸಲು ಕೆಳಗೊಂದು ಸೀಳು ಕೊಯ್ದರು. ಈ ಕಡೆ ಅವರು, ಆ ಕಡೆ ಅವಳು. ಅವಳ ಕಡೆಗೆ ಮುಖ ಮಾಡಿದ್ದ ರಟ್ಟಿನ ಮೈಮೇಲೆ ಒಂದು ಗಾಜಿನ ಲೋಟದ ಚಿತ್ರ, ಅದರ ಕೆಳಗೆ 'ಜೋಪಾನ' ಎಂಬ ಅಚ್ಚು.

"ಇದೇನು ಭಾವ, ಮನೇಲಿ ವೋಟಿಂಗ್ ಇಟ್ಟಿದೀರಾ?" ಎಂದಳು ತಂಗಿ, ಮೊದಲ ದಿನ ಅದನ್ನು ಕಂಡು.

"ಅವಳು ನನ್ನ ಮುಖ ನೋಡಿ ಹೇಳಬಾರದು."

"ಗಂಡನ ಮುಖ ನೋಡದೆ ಪಕ್ಕದ ಮನೆಯವನ ಮುಖ ನೋಡ್ಬೇಕಾ?"

"ನಿನಗೆ ಗೊತ್ತಾಗಲ್ಲ. ಇದಕ್ಕೊಂದು ಕ್ರಮ ಇದೆ."

"ಗೊತ್ತಾಗಲ್ಲಪ್ಪ, ಒಪ್ಪಿದೆ. ನಾನು ಅಳತೆ ತಗೊಳ್ಳೋವಾಗ ಮೈ ಮುಟ್ಟಿ ತಗೋತೀನಿ. ಪರದೆ ಹಿಂದೆ ನಿಂತು ತಗೊಂಡ್ರೆ ಬ್ಲೌಸು ನಿಮ್ಮ ಪ್ರಿನ್ಸಿಪಾಲರಿಗೇ ಸರಿಹೋಗುತ್ತೆ." ಹೀಗಂದು ಅವಳು ಟೇಪು ಎಳೆದುಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, ನಗದೆ, "ಭಾವ, ಅಕ್ಕ ಇಡೀ ದಿನ ಬಾಗಿಲು ನೋಡ್ತಾಳೆ, ನೀವು ಬರೋ ಹೊತ್ತಿಗೆ. ಅದೂ ನಿಮ್ಮ ಕ್ರಮದಲ್ಲಿ ಬರುತ್ತಾ?" ಎಂದಳು.

ಮೇಷ್ಟ್ರು ಸೀಳಿನ ಅಂಚನ್ನು ನಯ ಮಾಡುತ್ತಾ ಕೂತರು. ಬಾಗಿಲು ನೋಡುವುದಕ್ಕೆ ಬೇಕಾದಷ್ಟು ಕಾರಣಗಳಿರಬಹುದು. ಬೆಳಕು ಆ ಕಡೆಯಿಂದ ಬರುತ್ತದೆ.

ಪರದೆ ನಿಲ್ಲಿಸಿದ ದಿನದಿಂದ ಕಾರ್ಡುಗಳು ಮೌನವಾದವು. ಬೆರಳಿಂದ ತೋರಿಸಿದರೆ ಸಾಲದು, ಈಗ ಹೆಸರನ್ನೇ ಹೇಳಬೇಕು. ಮೇಷ್ಟ್ರು ಸೀಳಿನಿಂದ ಒಂದೊಂದನ್ನೇ ತೂರಿಸಿ, ಏರಿಳಿತವಿಲ್ಲದ ದನಿಯಲ್ಲಿ "ಇದೇನು?" ಎನ್ನುವುದು, ಆ ಕಡೆ ಬರೀ ಉಸಿರು. ಸರಿ ಎಂದೂ ಹೇಳುವಂತಿಲ್ಲ, ತಪ್ಪೆಂದೂ ಹೇಳುವಂತಿಲ್ಲ. ಅವಳು ಬೇರೆ ಏನಾದರೂ ಅಂದರೆ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಬೇಕು. ಅದು ಅವರೇ ತಲೆಮಾರುಗಳಿಗೆ ಕಲಿಸಿದ ನಿಯಮ. ಪರದೆ ಇಲ್ಲದ ಹೊತ್ತಿನಲ್ಲೂ ಅವರು ಹುಬ್ಬನ್ನು ಬಿಗಿಹಿಡಿದರು. ಚಮಚದಲ್ಲಿ ಗಂಜಿ ಕುಡಿಸುವಾಗ, ತಲೆ ಬಾಚುವಾಗ, ಮನೆಯಲ್ಲಿದ್ದಷ್ಟು ಹೊತ್ತೂ ಎಚ್ಚರ. ಒಮ್ಮೆ ಸಡಿಲಬಿಟ್ಟರೆ ಅವಳು ಮತ್ತೆ ಅದಕ್ಕೇ ಆತುಕೊಂಡುಬಿಡುತ್ತಾಳೆ. ಅವಳು ಅವರ ಮುಖವನ್ನು ದಿಟ್ಟಿಸುತ್ತಿದ್ದಳು, ಓದಲಾಗದ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

'ರೀ' ಎನ್ನುವುದಕ್ಕೆ ಯಾವ ಕಾರ್ಡೂ ಇರಲಿಲ್ಲ. ಆದರೆ ಮೇಷ್ಟ್ರು ಕಾಯುತ್ತಿದ್ದದ್ದು ಅದಕ್ಕೇ. ಕೊಡೆ ಹಕ್ಕಿಗಳೆಲ್ಲ ಅದು ಬರಲು ಹಾಕಿದ ಮೆಟ್ಟಿಲುಗಳು.

ಅದು ಬಂದದ್ದು ಒಂದು ಮಧ್ಯಾಹ್ನ.

ತಂಗಿ ಅಂಗಡಿಗೆ ಹೋಗಿದ್ದಳು. ಕಿಟಕಿಯಾಚೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಬೀಗದ ಕಾರ್ಡನ್ನು ಸೀಳಿನಿಂದ ತೂರಿಸಿದರು.

"ಇದೇನು?"

ಉಸಿರು. ಆಮೇಲೆ ನಾಲಿಗೆ ಎಲ್ಲೋ ತಡಕಾಡುವ ಸದ್ದು. ಆಮೇಲೆ:

"ರೀ."

ಅನುಮಾನವಿಲ್ಲ. ಸ್ಪಷ್ಟ. ಸ್ವಲ್ಪ ಒರಟು, ತುಕ್ಕು ಹಿಡಿದ ಚಿಲಕ ತೆಗೆದ ಹಾಗೆ, ಆದರೆ ಅದೇ.

ಪರದೆಯ ಈ ಕಡೆ, ಯಾರಿಗೂ ಕಾಣದಲ್ಲಿ, ಮೇಷ್ಟ್ರ ಎಡಗಡೆಯ ಹುಬ್ಬು ಹಣೆಯ ತುದಿಗೆ ಹಾರಿತು. ಕಣ್ಣು ತುಂಬಿಕೊಂಡವು. ಕಾಲುಗಳು ಏಳಲು ಹವಣಿಸಿದವು. ಅವಳು ಕರೆದಳು! ಮುಖ ನೋಡದೆ ಕರೆದಳು! ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಪ್ರಯೋಗಶಾಲೆಯಲ್ಲಿ ಸಿಕ್ಕಿದೆ? ಆದರೆ ಒಂದು ಸಲ ಬಂದದ್ದು ಆಕಸ್ಮಿಕವೂ ಇರಬಹುದು. ತುಟಿ ತಾನಾಗಿ ಮಾಡಿದ ಸದ್ದಿರಬಹುದು. ಇನ್ನೊಮ್ಮೆ ಬರಬೇಕು. ಈಗ ಎದ್ದು ಹೋದರೆ ಆಮೇಲೆ ಬರುವುದೆಲ್ಲ ನನ್ನ ಮುಖದ ಎಂಜಲು. ಇನ್ನೊಂದೇ ಒಂದು ಸಲ, ಆಮೇಲೆ ಈ ರಟ್ಟನ್ನು ಹರಿದು ಬೀದಿಗೆ ಎಸೆಯುತ್ತೇನೆ.

ಮೇಷ್ಟ್ರು ಅದೇ ಏರಿಳಿತವಿಲ್ಲದ ದನಿಯಲ್ಲಿ ಕೇಳಿದರು: "ಇದೇನು?"

"ರೀ." ಈ ಸಲ ಸ್ವಲ್ಪ ಜೋರು. ಬೆನ್ನಿಗೇ ಕುರ್ಚಿ ಕಿರುಗುಟ್ಟಿತು. ಅವಳು ಸರಿಯಿದ್ದ ಅರ್ಧ ಮೈಯನ್ನು ಊರಿಕೊಂಡು ಎಡಕ್ಕೆ ಬಾಗುತ್ತಿದ್ದಳು. ರಟ್ಟಿನ ಅಂಚಿನಲ್ಲಿ ನರೆತ ಕೂದಲು ಕಂಡಿತು, ಆಮೇಲೆ ಹಣೆಯ ಒಂದು ತುಂಡು. ಇನ್ನು ಬೆರಳಗಲ ಬಾಗಿದ್ದರೆ ಕಣ್ಣು ಕಣ್ಣು ಸೇರುತ್ತಿದ್ದವು.

ಮೇಷ್ಟ್ರು ಪರದೆಯನ್ನು ಅವಳು ಬಾಗಿದ ಕಡೆಗೆ ಸರಿಸಿದರು.

ಕೈ ತಾನಾಗಿ ಮಾಡಿದ ಕೆಲಸವದು. ಪ್ರಯೋಗಶಾಲೆಯಲ್ಲಿ ಪಳಗಿದ ಕೈ. ಆ ಕಡೆ ಕುರ್ಚಿ ಮತ್ತೆ ಕಿರುಗುಟ್ಟಿತು. ಈ ಸಲ ಅವಳು ಬಾಗುತ್ತಿದ್ದದ್ದು ಸತ್ತುಹೋದ ಬಲಗಡೆಗೆ. ಅದೆಷ್ಟು ಕಷ್ಟವೆಂದು ಉಸಿರಿನಲ್ಲೇ ಕೇಳುತ್ತಿತ್ತು. ಮೇಷ್ಟ್ರು ಪರದೆಯನ್ನು ಆ ಬದಿಗೂ ಸರಿಸಿದರು.

"ರೀ?"

ಅದು ಪ್ರಶ್ನೆ. ಟವಲ್ಲಿಗೆ ಕರೆದದ್ದಲ್ಲ, ಗ್ಯಾಸಿಗೆ ಕರೆದದ್ದಲ್ಲ. ಬಾಗಿಲ ಸಂದಿನಲ್ಲಿ ಅರ್ಧ ಮುಖ ಇಟ್ಟು, ಸಿಟ್ಟು ಇಳಿಯಿತೇ ಎಂದು ನೋಡುವವಳ 'ರೀ'.

"ಇದೇನು?" ಎಂದರು ಮೇಷ್ಟ್ರು.

ಆಚೆ ಏನೂ ಬರಲಿಲ್ಲ. ಹೊರಗೆ ಸ್ಕೂಟರ್ ಹೊತ್ತಿಕೊಂಡು ಹೊರಟುಹೋಯಿತು. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಕಾದರು, ಆಮೇಲೆ ತಡೆಯಲಾರದೆ ಎದ್ದು ಪರದೆಯನ್ನು ಕಿತ್ತು ಬದಿಗೆ ಎಸೆದರು. ಎರಡೂ ಕೈ ಚಾಚಿ, ಇಷ್ಟು ದಿನ ಕೂಡಿಟ್ಟ ನಗುವನ್ನೆಲ್ಲ ಮುಖದ ತುಂಬ ಹರಡಿಕೊಂಡು, "ಕುದುರೇ!" ಎಂದರು.

ಅವಳು ತೊಡೆಯ ಮೇಲೆ ಬಿದ್ದಿದ್ದ ತನ್ನ ಬಲಗೈಯನ್ನು ನೋಡುತ್ತಿದ್ದಳು. ತಲೆ ಎತ್ತಲಿಲ್ಲ. ಮೇಷ್ಟ್ರು ಮಂಡಿಯೂರಿ ಕೆಳಗಿನಿಂದ ಅವಳ ಮುಖಕ್ಕೆ ಮುಖ ಕೊಟ್ಟರು. ಅವಳು ಕಣ್ಣು ಮುಚ್ಚಿಕೊಂಡಳು.

ತಂಗಿ ಬಂದಾಗ ಮೇಷ್ಟ್ರು ಬಾಗಿಲಲ್ಲೇ ಕಾದು ನಿಂತಿದ್ದರು. "ಕರೆದಳು ಕಣೆ! ರೀ ಅಂದಳು! ಒಂದು ಸಲ ಅಲ್ಲ, ಮೂರು ಸಲ! ಮುಖಾನೇ ನೋಡದೆ!"

ಕೈಯಲ್ಲಿದ್ದ ಬಟ್ಟೆಯ ಗಂಟು ಬಿದ್ದರೂ ಅವಳಿಗೆ ಪರಿವೆಯಿಲ್ಲ. "ಅಯ್ಯೋ ನನ್ನಕ್ಕ! ನೀವೇನಂದ್ರಿ ಭಾವ?"

"ನಾನಾ?"

"ಹೂಂ. ಅಕ್ಕ ರೀ ಅಂದಾಗ ನೀವೇನಂದ್ರಿ?"

"ಅನ್ನೋ ಹಾಗಿಲ್ಲ... ಉತ್ತರ ಕೊಟ್ಟರೆ ಪರೀಕ್ಷೆ ಕೆಟ್ಟುಹೋಗುತ್ತೆ."

"ಓ ಅನ್ನಲಿಲ್ವಾ?"

"ಇಲ್ಲ."

"ಮೂರು ಸಲ ಕರೆದಾಗ್ಲೂ?"

ತಂಗಿ ಬಹಳ ಮಾತಿನವಳು, ಮಾತಿಗೆ ಮಾತು ಜೋಡಿಸಿ ಎದುರಿನವರ ಚರ್ಮ ಸುಲಿಯುವವಳು. ಅವತ್ತು ಮಾತ್ರ ಅವಳು ಗಂಟು ಎತ್ತಿಕೊಂಡು ಒಳಗೆ ಹೋಗಿ ಅಕ್ಕನ ಹತ್ತಿರ ಕೂತು, ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ ಅರ್ಥವಾಗಿತ್ತು. ಅವಳಿಗೆ ಅದು ಪರೀಕ್ಷೆಯಾಗಿರಲಿಲ್ಲ. ಗಂಡ ಪರದೆಯ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಅವಳು ಕರೆದಳು. ಅವನು ಪರದೆ ಸರಿಸಿಕೊಂಡ.

ಆಮೇಲಿನ ದಿನಗಳಲ್ಲಿ ಮೇಷ್ಟ್ರು ಕಾಲೇಜಿಗೆ ರಜೆ ಹಾಕಿ ಅವಳ ಎದುರಿಗೇ ಕೂತರು. ರಟ್ಟು ಕಸದ ಗಾಡಿಗೆ ಹೋಗಿತ್ತು, ಕಾರ್ಡುಗಳು ಕಪಾಟಿನ ತಳಕ್ಕೆ. ಅವರು ಮುಖವನ್ನು ಬಿಚ್ಚಿಟ್ಟರು. ನಕ್ಕರು, ಹುಬ್ಬು ಕುಣಿಸಿದರು, ಗಂಜಿಗೆ ಉಪ್ಪು ಜಾಸ್ತಿಯೆಂದು ಮುಖ ಕಿವುಚಿದರು, ಅಳು ಬಂದಾಗ ಅತ್ತರು. "ಓ," ಎಂದರು, ಅವಳು ಕರೆಯದೇ ಇದ್ದಾಗಲೂ. "ಓ, ಏನೇ? ಇಲ್ಲೇ ಇದೀನಿ ಕಣೆ." ಅವಳು ತಿನ್ನಿಸಿದ್ದನ್ನು ತಿಂದಳು, ಬಾಚಿದರೆ ತಲೆ ಕೊಟ್ಟಳು. ಮುಖ ಮಾತ್ರ ನೋಡಲಿಲ್ಲ. ಸಿಟ್ಟೇನೂ ಅಲ್ಲ ಅದು. ಮುಚ್ಚಿದ ಅಂಗಡಿಯ ಮುಂದೆ ಬಹಳ ಹೊತ್ತು ನಿಂತು ಮನೆಗೆ ಹೊರಟವರ ಹಾಗೆ ಇದ್ದಳು.

ಥೆರಪಿಸ್ಟ್ ಬಂದಾಗ ಮೇಷ್ಟ್ರು ಎಲ್ಲವನ್ನೂ ಹೇಳಿದರು. "ಸರ್, ನಾನು ಅವತ್ತು ಹೇಳೋಕೆ ಹೊರಟಿದ್ದು ನಿಮ್ಮನ್ನ ನೋಡಿ ಆದ್ರೂ ತೋರಿಸ್ತಿದಾರೆ ಅಂತ," ಎಂದಳು. "ಅಲ್ಲಿಂದಾನೇ ಶುರು ಮಾಡಬಹುದಿತ್ತು. ಅದನ್ನ ಹೇಳೋ ಮೊದಲೇ ನೀವು ಒಳ್ಳೇ ಕೆಲಸ ಅಂದುಬಿಟ್ರಿ."

ಎರಡನೆಯ ಸ್ಟ್ರೋಕ್ ಬೆಳಗಿನ ಜಾವ ನಿದ್ದೆಯಲ್ಲೇ ಬಂತು. ತಂಗಿ ಎಬ್ಬಿಸಲು ಹೋದಾಗ ಮೈ ಇನ್ನೂ ಬೆಚ್ಚಗಿತ್ತು, ಅವಳು ಇರಲಿಲ್ಲ. ಬಂದವರೆಲ್ಲ ಮೇಷ್ಟ್ರನ್ನು ನೋಡಿ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು: ಎಂಥಾ ಗಂಡಸಪ್ಪ, ಒಂದು ಹನಿ ಕಣ್ಣೀರಿಲ್ಲ. ಕಾಲೇಜಿನ ಹುಡುಗರು ಬಂದು ಸಾಲಾಗಿ ನಿಂತು ಹೋದರು. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ, ಅವರ ಮೇಷ್ಟ್ರ ಮುಖ ಇದ್ದದ್ದೇ ಹಾಗೆ.

ಮೇಷ್ಟ್ರು ತಂಗಿಗೆ ಒಂದೇ ಒಂದು ಪ್ರಶ್ನೆ ಕೇಳಿದರು. ಅವಳು ಅಕ್ಕನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು.

"ನಾನಿಲ್ಲದಾಗ ಯಾವತ್ತಾದ್ರೂ ಅಂದಿದ್ಲಾ?"

ತಂಗಿ ಮಡಿಸುವುದನ್ನು ನಿಲ್ಲಿಸಲಿಲ್ಲ. "ಇಲ್ಲ ಭಾವ."

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಇಡೀ ಜೀವಮಾನ ಮುಖಗಳ ಬಗ್ಗೆ ಪಾಠ ಮಾಡಿದವರು. ಅವಳು ನಿಜ ಹೇಳಿದಳೋ, ಅವರ ಮೇಲಿನ ಕರುಣೆಗೆ ಸುಳ್ಳು ಹೇಳಿದಳೋ, ಅವರಿಗೆ ಓದಲಾಗಲಿಲ್ಲ. ಓದುತ್ತಿದ್ದವಳು ಬೇರೆ.

ವರ್ಷ ತಿರುಗಿತು. ಕುದುರೆಯ ಪಾಠ ಬಂತು. ಹಿಂದಿನ ಬೆಂಚುಗಳು ತುಂಬಿದವು. ಮೇಷ್ಟ್ರು ಸೀಮೆಸುಣ್ಣ ಹಿಡಿದು, ಒಬ್ಬ ಮುದುಕ ಇದ್ದ ಎಂದರು. ಮುದುಕ ಬಂದ, ಕುದುರೆ ಗೊರಸು ಬಡಿಯಿತು, ವಿದ್ವಾಂಸರು ಬೆಪ್ಪಾದರು, ಹುಡುಗರು ನಗಬೇಕಾದಲ್ಲಿ ನಕ್ಕರು. ಮನಶ್ಶಾಸ್ತ್ರದ ಯುವಕ ಬಂದು ಕೂದಲೆಳೆಯಷ್ಟು ಮೇಲೇಳುವ ತಲೆಯನ್ನು ಕಂಡುಹಿಡಿದ.

"ಕೊನೆಗೆ ಕೇಳೋರ ಮುಖ ಅದಕ್ಕೆ ಕಾಣದ ಹಾಗೆ ಮರೆ ಮಾಡಿದ್ರು. ಕುದುರೆ ಏನು ಮಾಡ್ತು? ಕತ್ತು..."

ಪೆನ್ನುಗಳು ಕಾದು ನಿಂತವು.

"ಕತ್ತು ಎಳೆದಾಡ್ತು," ಎಂದರು ಮೇಷ್ಟ್ರು. ಅವರಿಗೆ ಕುರ್ಚಿ ಕಿರುಗುಟ್ಟುವುದು ಕೇಳಿಸಿತು. "ಆ ಕಡೆಯಿಂದ ನೋಡ್ತು. ಕಾಣಲಿಲ್ಲ. ಈ ಕಡೆಯಿಂದ..."

ಮುಂದಿನ ಬೆಂಚಿನ ಹುಡುಗಿ 'ಇದೇ ಸಾಕ್ಷಿ' ಎಂದು ಆಗಲೇ ಬರೆಯತೊಡಗಿದ್ದಳು. ಅವಳ ಅಕ್ಕ ಇದೇ ಪಾಠ ಕೇಳಿದ್ದವಳು, ಆ ನೋಟ್ಸು ಮನೆಯಲ್ಲಿತ್ತು. ಮೇಷ್ಟ್ರು ಅವಳ ಪುಟದ ಮೇಲೆ ಅಂಗೈ ಇಟ್ಟರು.

"ಬರ್ಕೋಬೇಡಮ್ಮ."

"ಯಾಕೆ ಸರ್?"

ಹಿಂದಿನಿಂದ ಯಾರೋ, ಕೊಠಡಿಯಲ್ಲಿ ಏನಾಗುತ್ತಿದೆಯೆಂದು ತಿಳಿಯದವನು, ನಗಿಸುವ ಆಸೆಯಿಂದ ಕೂಗಿದ: "ಸರ್, ಆಮೇಲೆ ಕುದುರೆ ಏನಾಯ್ತು?"

ಯಾರೂ ನಗಲಿಲ್ಲ. ಮುಂದಿನ ಬೆಂಚಿನವರೆಲ್ಲ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿ, ಎಡಗಡೆಯ ಹುಬ್ಬು ನಿಧಾನವಾಗಿ ಮೇಲೆದ್ದು, ಅಲ್ಲೇ ನಿಂತು, ನಡುಗತೊಡಗಿತ್ತು. ಅದು ಏನನ್ನೋ ಹೇಳುತ್ತಿತ್ತು. ಅಷ್ಟು ಜನರಿದ್ದರು ಅಲ್ಲಿ; ಒಬ್ಬರಿಗೂ ಏನೆಂದು ಗೊತ್ತಾಗಲಿಲ್ಲ.